ಒಂದೇ ಅಂಗಳದಲ್ಲಿ ಶಿಲುಬೆಯೂ ಭೂಮಿತಾಯಿಯೂ

ಪ್ರಶ್ನೆ: ಪೆರು ದೇಶದ ಆಂಡೀಸ್ ಸೀಮೆಯ ಕೆಚುವಾ ರೈತರು ಕ್ಯಾಥೋಲಿಕರಾಗಿದ್ದೂ ಭೂಮಿಗೆ, ಬೆಟ್ಟಗಳಿಗೆ ಎಡೆ ಇಡುತ್ತಾರಂತೆ. ಹಾಗಾದರೆ ಅವರ ಕ್ರೈಸ್ತಧರ್ಮ ಬರಿಯ ಹೊರಹೊದಿಕೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಹೊದಿಕೆಯೆಂಬ ಮಾತಿಗೆ ಚರಿತ್ರೆಯಲ್ಲಿ ಆಧಾರವಿಲ್ಲದಿಲ್ಲ. 17ನೆಯ ಶತಮಾನದಲ್ಲಿ ಲೀಮಾದ ಚರ್ಚು ವಿಗ್ರಹಾರಾಧನೆಯನ್ನು ಬೇರುಸಹಿತ ಕೀಳಲು ಹಳ್ಳಿಹಳ್ಳಿಗೆ ತನಿಖೆಗಾರರನ್ನು ಕಳುಹಿಸಿ, ಪೂರ್ವಿಕರ ಕಾಪಿಟ್ಟ ದೇಹಗಳನ್ನೂ ಸುಡಿಸಿದಾಗ, ಜನ ತಮ್ಮ ಪೂಜೆಯನ್ನು ಮರೆಯಲ್ಲಿ ನಡೆಸಬೇಕಾಯಿತು. ಆದರೆ ಇಂದಿನ ರೈತನ ಭಕ್ತಿಯನ್ನು ಅದೇ ಅಳತೆಗೋಲಿನಿಂದ ಅಳೆಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕುಸ್ಕೊ ಸೀಮೆಯಲ್ಲಿ ಬಿತ್ತನೆಗೆ ಮುಂಚಿನ ಆಗಸ್ಟ್ ತಿಂಗಳಲ್ಲಿ ಭೂಮಿತಾಯಿ ಪಾಚಮಾಮಾ ಬಾಯ್ತೆರೆದು ಹಸಿದಿರುತ್ತಾಳೆಂಬುದು ನಂಬಿಕೆ. ಪೂಜೆ ನಡೆಸುವ ಪಾಕೊ ಹರಿಯದ ಮೂರು ಕೋಕಾ ಎಲೆಗಳನ್ನು ಒಟ್ಟಾಗಿ ಹಿಡಿದು, ತುಟಿಯ ಬಳಿಗೆ ತಂದು, ಸುತ್ತಲಿನ ಪರ್ವತದೇವತೆಗಳ ಹೆಸರು ಹೇಳುತ್ತ ಅವುಗಳ ಮೇಲೆ ಉಸಿರೂದುತ್ತಾನೆ. ಆ ಎಲೆಗಳು ಲಾಮಾದ ಕೊಬ್ಬು, ಕಾಳು, ಮಿಠಾಯಿಗಳೊಂದಿಗೆ ಒಂದು ಹಾಳೆಯ ಮೇಲೆ ಸೇರಿ ಪೊಟ್ಟಣವಾಗುತ್ತವೆ. ಪೊಟ್ಟಣವನ್ನು ಸುಡುತ್ತಾರೆ ಅಥವಾ ಹೂಳುತ್ತಾರೆ. ಇದೇ ಪೂಜೆಯಲ್ಲಿ ಶಿಲುಬೆಯ ಗುರುತು ಮಾಡುವುದೂ ಸಂತರನ್ನು ಕರೆಯುವುದೂ ಉಂಟು. ಹೊಲದ ಕೆಲಸದಲ್ಲಿ ನಮ್ಮ ಮುಯ್ಯಾಳಿನಂತೆ ನಡೆಯುವ ಐನಿ ಪದ್ಧತಿಯ ನ್ಯಾಯವೇ ಇಲ್ಲಿಯೂ ಇದೆ: ಆಲೂಗಡ್ಡೆ ಕೊಟ್ಟ ನೆಲಕ್ಕೆ ಉಣಿಸಬೇಕು, ಊರು ಕಾಯುವ ಸಂತನಿಗೆ ಸರದಿಯಂತೆ ಒಬ್ಬೊಬ್ಬರು ಖರ್ಚು ಹೊತ್ತು ಹಬ್ಬ ಮಾಡಬೇಕು. ಎರಡೂ ಋಣಗಳೇ ಆದ್ದರಿಂದ, ಒಂದನ್ನು ತೀರಿಸಲು ಇನ್ನೊಂದನ್ನು ಬಿಡಬೇಕೆಂದು ಅವರಿಗೆ ತೋರುವುದಿಲ್ಲ.

ಸಿನಕಾರಾ ಕಣಿವೆಯ ಕೊಯ್ಲುರ್ ರಿತಿ ಯಾತ್ರೆಯಲ್ಲಿ ಇದು ಇನ್ನೂ ಸ್ಪಷ್ಟ. ಕ್ಯಾಥೋಲಿಕರ ಕಾರ್ಪಸ್ ಕ್ರಿಸ್ಟಿ ಹಬ್ಬಕ್ಕೆ ಮುಂಚೆ ಸಾವಿರಾರು ಜನ, ಬಂಡೆಯ ಮೇಲಿನ ಕ್ರಿಸ್ತನ ಚಿತ್ರದ ದರ್ಶನಕ್ಕೆ ಕುಣಿಯುತ್ತ ಹತ್ತಿ ಹೋಗುತ್ತಾರೆ. ಉಣ್ಣೆಯ ಮುಖವಾಡ ತೊಟ್ಟ ಉಕುಕುಗಳೆಂಬ ಕುಣಿತಗಾರರು ರಾತ್ರಿ ಹಿಮನದಿ ಏರಿ ಶಿಲುಬೆಗಳಿಗೆ ಪೂಜೆ ಸಲ್ಲಿಸುತ್ತಾರೆ. ಹಿಂದೆ ಅವರು ಅಲ್ಲಿಂದ ಮಂಜುಗಡ್ಡೆಯನ್ನು ತೀರ್ಥವೆಂದು ಹೊತ್ತು ತರುತ್ತಿದ್ದರು. ಹಿಮನದಿ ಕರಗುತ್ತಿರುವುದರಿಂದ ಆ ಪದ್ಧತಿ ನಿಂತಿದೆ. 2011ರಲ್ಲಿ ಯುನೆಸ್ಕೊ ಈ ಯಾತ್ರೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಬಿರುಕು ಇರುವುದು ಬೇರೆ ಕಡೆ. ಪ್ರಾಟೆಸ್ಟಂಟ್ ಪಂಥದ ಇವಾಂಜೆಲಿಕಲ್ ಸಭೆಗಳಿಗೆ ಸೇರಿದ ಮನೆಗಳವರು ಸಂತರ ಹಬ್ಬ, ಮದ್ಯ, ಭೂಮಿಯ ಎಡೆ ಮೂರನ್ನೂ ತೊರೆಯುತ್ತಾರೆ. ಅಲ್ಲಿಗೆ ಹಬ್ಬದ ಸರದಿ ಉಳಿದ ಮನೆಗಳಿಗೆ ಬೇಗ ಬೇಗ ಬರತೊಡಗುತ್ತದೆ.