ಬೋರ್ಡ್ ಅದೇ, ಭಟ್ಟರು ಬೇರೆ

ಓದುಗರ ಪತ್ರ: ಅಪ್ಪನ ಹತ್ತಿರ ಅಮೆರಿಕದ ಮಡಚುವ ಚಾಕು ಇತ್ತು. ಭಾನುವಾರ ಬಂದರೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ಈಗ ತುಕ್ಕು ಹಿಡಿದು ಬಿಚ್ಚಲೂ ಬರುತ್ತಿಲ್ಲ. ಮೊನ್ನೆ ಅದೇ ಹೆಸರಿನದ್ದು ಅಗ್ಗಕ್ಕೆ ಸಿಕ್ಕಿತೆಂದು ತರಿಸಿದೆ. ನೋಡಿದರೆ ಅಲಗಿನ ಬುಡದಲ್ಲಿ ಸಣ್ಣಗೆ 'ಚೀನಾ' ಅಂತಿದೆ. ಮೋಸ ಹೋದೆನೇ?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ: ಬಹುಶಃ ಇಲ್ಲ. ನಕಲಿ ಮಾಲು ಬೇರೆ, ಇದು ಬೇರೆ. ಪೇಟೆಯಲ್ಲಿ ಹೋಟೆಲ್ ಕೈ ಬದಲಾದರೂ ಬೋರ್ಡ್ ಹಾಗೇ ಇರುತ್ತದಲ್ಲ, ದೋಸೆ ಹುಯ್ಯುವ ಭಟ್ಟರು ಮಾತ್ರ ಬೇರೆ. ಚಾಕುವಿನ ಕಥೆಯೂ ಅಷ್ಟೇ.

ನಿಮ್ಮ ಚಾಕುವಿನ ಹೆಸರು ಇಲ್ಲಿ ಬೇಡ. ಅಮೆರಿಕದ ಹಳೇ ಚಾಕು ಕಂಪನಿ ಶ್ರೇಡ್ ಅನ್ನೇ ನೋಡಿ. 1904ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾಯಿತು. 'ಓಲ್ಡ್ ಟೈಮರ್' ಚಾಕು ಇವರದ್ದೇ. 2004ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹೆಸರನ್ನು ಇನ್ನೊಂದು ಕಂಪನಿ ಕೊಂಡು ಚೀನಾದಲ್ಲಿ ಚಾಕು ಮಾಡಿಸಿತು. 2007ರಲ್ಲಿ ಮುಚ್ಚಿದ ಇನ್ನೊಂದು ಅಮೆರಿಕದ ಚಾಕು ಕಂಪನಿ ಕ್ಯಾಮಿಲಸ್‌ನ ಹೆಸರೂ ಹೀಗೇ ಮಾರಾಟವಾಯಿತು.

ಇದೇನು ಈಗಿನ ಚಾಳಿಯಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ಜೋಲಿಂಗೆನ್ ಊರಿನ ಕೆಲವರು ತಮ್ಮ ಅಗ್ಗದ ಚಾಕುಗಳಿಗೆ ಚಾಕುವಿಗೆ ಹೆಸರಾದ ಇಂಗ್ಲೆಂಡಿನ 'ಶೆಫೀಲ್ಡ್' ಊರಿನ ಮುದ್ರೆ ಒತ್ತಿ ಮಾರುತ್ತಿದ್ದರು. ಅದು ನಿಜವಾದ ಮೋಸ. ಸಿಟ್ಟಾದ ಬ್ರಿಟನ್ 1887ರಲ್ಲಿ ಕಾನೂನು ತಂದಿತು, 'ಮೇಡ್ ಇನ್ ಜರ್ಮನಿ' ಅನ್ನುವ ಬರಹ ಬಂದದ್ದು ಹಾಗೆ. ತಮಾಷೆ ಏನೆಂದರೆ, 1938ರಿಂದ ಜೋಲಿಂಗೆನ್ ಹೆಸರಿಗೇ ಜರ್ಮನಿಯಲ್ಲಿ ಕಾನೂನಿನ ಕಾವಲಿದೆ. ನಮ್ಮ ಚಿಕ್ಕಮಗಳೂರು ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿತಲ್ಲ, ಆ ತರಹ. ಊರಿನ ಹೆಸರನ್ನು ಹೀಗೆ ಕಾಯಬಹುದು. ಕಂಪನಿಯ ಹೆಸರು ಹಾಗಲ್ಲ, ದುಡ್ಡು ಕೊಟ್ಟವರ ಪಾಲು.

ಇನ್ನು ಚಾಕು. ಹಳೆಯ ಓಲ್ಡ್ ಟೈಮರ್‌ಗಳಲ್ಲಿ ಹೆಚ್ಚಾಗಿ ಕಾರ್ಬನ್ ಉಕ್ಕು ಇರುತ್ತಿತ್ತು. ಸಾಣೆ ಬೇಗ ಹಿಡಿಯುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಆಷಾಢದ ಮಳೆಯಲ್ಲಿ ಒಂದು ರಾತ್ರಿ ಒದ್ದೆ ಜೇಬಿನಲ್ಲಿ ಮರೆತರೆ ಮುಗಿಯಿತು. ಚೀನಾದಿಂದ ಬರುವುದರಲ್ಲಿ ಸ್ಟೇನ್‌ಲೆಸ್ ಜಾಸ್ತಿ. ಮಲೆನಾಡಿಗೆ ಅದೇ ವಾಸಿ ಅನ್ನುತ್ತೇನೆ, ಹಳೇ ಮಾಲಿನ ಭಕ್ತರು ಬೈದುಕೊಳ್ಳಲಿ. ಆದರೆ ಉಕ್ಕಿನ ಹೆಸರಿಗಿಂತ ಕಾಯಿಸಿ ತಣಿಸಿದ ಹದ ದೊಡ್ಡದು. ಯಾವ ಕುಲುಮೆಯವರನ್ನಾದರೂ ಕೇಳಿ. ಅಗ್ಗದ ಮಾಲಿನಲ್ಲಿ ಎಡವಟ್ಟಾಗುವುದು ಅಲ್ಲೇ.

ಅಲಗು ಬಿಚ್ಚಿ ಅಡ್ಡಡ್ಡ ಅಲ್ಲಾಡಿಸಿ ನೋಡಿ. ಬೆಳಕಿಗೆ ಹಿಡಿದು, ಸ್ಪ್ರಿಂಗಿನ ಪಕ್ಕ ಸಂದು ಕಾಣುತ್ತದೆಯೇ ಗಮನಿಸಿ. ಅಲಗಿಗೆ ಲಾಕ್ ಇಲ್ಲದಿದ್ದರೆ ಮೊನೆಯಿಂದ ಚುಚ್ಚಿ ಒತ್ತಬೇಡಿ, ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಗೋಣಿಚೀಲದ ದಾರಕ್ಕೆ, ಕಿತ್ತಳೆಗೆ ಸಾಕು. ಗಿಡ ಕಸಿಗೆ, ಅಂದರೆ ರೆಂಬೆ ಸವರುವುದಕ್ಕೆ, ಸುಮ್ನೆ ಕತ್ತರಿಯನ್ನೇ ಬಳಸಿ.

ಡಬ್ಬ ಎಸೆದಿಲ್ಲ ಅಲ್ವಾ? 2011ರ ಪೊಟ್ಟಣ ನಿಯಮಗಳ ಪ್ರಕಾರ ಅದರ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಬೆಲೆ ಇರಬೇಕು. ಇಲ್ಲದಿದ್ದರೆ ಮಾರಿದವರನ್ನು ಧಾರಾಳವಾಗಿ ವಿಚಾರಿಸಿಕೊಳ್ಳಿ.

ಅಪ್ಪನ ಚಾಕುವನ್ನು ಮಾತ್ರ ಎಸೆಯಬೇಡಿ. ಒಂದೆರಡು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ. ಬಲವಂತ ಮಾಡದೆ ನಿಧಾನಕ್ಕೆ ಬಿಚ್ಚಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ತೊಟ್ಟು ಬಿಡಿ. ಬಿಚ್ಚಿಕೊಂಡರೆ ಒಂದು ಸಾಲು ಬರೆಯಿರಿ.