ಟ್ರಾವೆಲ್ ಕ್ರೆಡಿಟ್ ಕಾರ್ಡ್‌ನ ಪಾಯಿಂಟ್ ಬೆಲೆ ಅರ್ಧ ಮಾಡಿದ್ದಾರೆ, ಏರ್‌ಪೋರ್ಟ್ ಲೌಂಜ್‌ಗೂ ಷರತ್ತು ಹಾಕಿದ್ದಾರೆ. ಕಾರ್ಡ್ ಇಟ್ಟುಕೊಳ್ಳಲಾ, ಕ್ಲೋಸ್ ಮಾಡಲಾ?

ನೀವು ಬರೆದಿರುವ ಪ್ರಕಾರ ಕಾರ್ಡ್ ಉಜ್ಜಿದ್ದಕ್ಕೆ ಬ್ಯಾಂಕ್ ಕೊಡುವ ಪಾಯಿಂಟ್‌ಗಳನ್ನು 62,000ದವರೆಗೆ ಕೂಡಿಟ್ಟಿದ್ದೀರಿ, ಮನೆಯವರನ್ನು ಅಂಡಮಾನ್‌ಗೆ ಕರೆದುಕೊಂಡು ಹೋಗುವ ಆಸೆ. ಮುಂದಿನ ತಿಂಗಳಿಂದ ಆ ಪಾಯಿಂಟ್‌ನ ಬೆಲೆ ಅರ್ಧ. ವರ್ಷದ ಫೀಸ್ ಕಟ್ಟಿ ಎರಡೇ ತಿಂಗಳಾಗಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ: ಈ ತಿಂಗಳೇ ಪಾಯಿಂಟ್ ಖರ್ಚು ಮಾಡಿ. ಕಾರ್ಡ್ ವಿಷಯ ಆಮೇಲೆ. ಬ್ಯಾಂಕನ್ನು ಬೈಯುವುದು ಯಾವಾಗ ಬೇಕಾದರೂ ಇದ್ದೇ ಇದೆ.

ನನಗೂ ಹೀಗೇ ಆಗಿತ್ತು. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಈಗ ಚಿಕ್ಕಬಳ್ಳಾಪುರದಲ್ಲಿದ್ದೇನೆ, ದಿನಾ ದೇವನಹಳ್ಳಿ ಕಡೆ ಕೆಲಸಕ್ಕೆ ಹೋಗುತ್ತೇನೆ. ಅಪ್ಪ ಅಮ್ಮನನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗಬೇಕು ಅಂತ ಮೂರು ವರ್ಷ ಪಾಯಿಂಟ್ ಕೂಡಿಟ್ಟೆ. ಹುಚ್ಚು ಎಷ್ಟಿತ್ತು ಅಂದರೆ, ತಂಗಿ ಮದುವೆಯ ಬಟ್ಟೆ, ಮನೆಯ ಫ್ರಿಜ್ ಎಲ್ಲ ಆ ಕಾರ್ಡ್‌ನಲ್ಲೇ ಉಜ್ಜಿದೆ. ದೊಡ್ಡಪ್ಪನ ಮಗ ಟಿವಿ ಕೊಳ್ಳಲು ಹೊರಟಾಗ ನಾನೂ ಜೊತೆಗೆ ಹೋಗಿ, "ನನ್ನ ಕಾರ್ಡ್ ಉಜ್ಜೋಣ, ನೀನು ನನಗೆ ಕ್ಯಾಶ್ ಕೊಡು" ಅಂದೆ. ಟಿವಿ ಅವತ್ತೇ ಬಂತು. ಕ್ಯಾಶ್ ಬಂದಿದ್ದು ಮೂರು ತಿಂಗಳಿಗೆ. ಅಷ್ಟರಲ್ಲಿ ಬಿಲ್ ಪೂರ್ತಿ ಕಟ್ಟಲಾಗದೆ ತಿಂಗಳಿಗೆ ಶೇ. 3.5 ಬಡ್ಡಿ ಬಿತ್ತು. ವರ್ಷಕ್ಕೆ ಲೆಕ್ಕ ಹಾಕಿ, ಶೇ. 42! ಶೇ. 2ರ ಪಾಯಿಂಟ್ ಆಸೆಗೆ.

ಆಮೇಲೆ ಒಂದು ಮೇಲ್ ಬಂತು. ತಲೆಬರಹ ನೋಡಿದರೆ ಏನೋ ಹೊಸ ಸವಲತ್ತು ಕೊಡುತ್ತಿದ್ದಾರೆ ಅನ್ನಿಸುವ ಹಾಗಿತ್ತು, ನಾನು ತೆರೆಯಲೇ ಇಲ್ಲ. ಟಿಕೆಟ್ ಮಾಡಲು ಕೂತಾಗ ಗೊತ್ತಾಯಿತು: ಒಂದು ಪಾಯಿಂಟಿಗೆ ಒಂದು ಮೈಲು (ಟಿಕೆಟ್‌ಗೆ ಬಳಸುವ ಏರ್‌ಲೈನ್‌ನವರ ಪಾಯಿಂಟ್) ಇದ್ದದ್ದು ಎರಡಕ್ಕೆ ಒಂದಾಗಿದೆ. ಮೂರು ಜನರ ಟಿಕೆಟ್‌ಗೆ ಕೂಡಿಟ್ಟದ್ದು ಒಂದೂವರೆ ಜನಕ್ಕೆ ಬಂತು. ಉಳಿದದ್ದಕ್ಕೆ ಕೈಯಿಂದ ಹಾಕಿದೆ.

ನಾನು ಮನೆಯಲ್ಲಿ ಕೂಗಾಡುತ್ತಿದ್ದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಗೂಡು ಯಾರಾದ್ರೂ ಮನೇಲಿಟ್ಕೊಂಡು ಕೂತ್ಕೊತಾರೇನೋ?" ರೇಷ್ಮೆ ಬೆಳೆಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಅದನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ಹಾಗಾಗಿ ದರ ಇವತ್ತು ಚೆನ್ನಾಗಿಲ್ಲ, ಮುಂದಿನ ತಿಂಗಳು ಮಾರೋಣ ಅನ್ನುವ ಮಾತೇ ಇಲ್ಲ. ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಯಿಂದ, ಬಿಡಿಸಿದ ಕೂಡಲೇ ಮಾರ್ಕೆಟ್‌ಗೆ ಹಾಕಬೇಕು. ಅಪ್ಪ ಜೀವನದಲ್ಲಿ ಕಾರ್ಡ್ ಮುಟ್ಟಿದವರಲ್ಲ. ಪಾಯಿಂಟ್ ಅಂದರೇನು ಅಂತ ನನಗಿಂತ ಚೆನ್ನಾಗಿ ಅವರಿಗೆ ಅರ್ಥವಾಗಿತ್ತು. ನಾನು ಅದನ್ನು ಪೋಸ್ಟ್ ಆಫೀಸಿನ ಎಫ್‌ಡಿ ಅಂದುಕೊಂಡಿದ್ದೆ.

ಲೌಂಜ್ ಕಥೆಯೂ ಇದೆ. ಏರ್‌ಪೋರ್ಟ್ ನಮಗೆ ಬೆಂಗಳೂರಿನ ಎಷ್ಟೋ ಜನಕ್ಕಿಂತ ಹತ್ತಿರ, ಹೈವೇಯಲ್ಲಿ ಮುಕ್ಕಾಲು ಗಂಟೆ. ಆದರೂ ಮೂರು ಗಂಟೆ ಮೊದಲೇ ಹೋದೆವು. "ಎರಡು ರೂಪಾಯಿಗೆ ಹೊಟ್ಟೆ ತುಂಬಾ ತಿಂಡಿ ಕೊಡ್ತಾರೆ" ಅಂತ ಅಮ್ಮನಿಗೆ ವಾರದಿಂದ ಹೇಳಿದ್ದೆ. ಬಾಗಿಲಲ್ಲಿ ಕಾರ್ಡ್ ಹಾಕಿದರೆ ಮೆಷಿನ್ ಒಪ್ಪಲಿಲ್ಲ. ಹಿಂದಿನ ಮೂರು ತಿಂಗಳಲ್ಲಿ 50,000 ರೂಪಾಯಿ ಖರ್ಚು ಮಾಡಿರಬೇಕಂತೆ, ನನ್ನದು 41,000 ಚಿಲ್ಲರೆ. ಅಮ್ಮ ಏನೂ ಮಾತಾಡದೆ ಬ್ಯಾಗಿನಿಂದ ಪುಳಿಯೋಗರೆ ಡಬ್ಬಿ ತೆಗೆದರು. ಮಗನ ಮಾತಿನ ಮೇಲೆ ಅಷ್ಟು ನಂಬಿಕೆ ಅವರಿಗೆ.

ಬ್ಯಾಂಕ್‌ಗಳು ಯಾಕೆ ಹೀಗೆ ಮಾಡುತ್ತವೆ? ನಾವು ಉಜ್ಜಿದಾಗ ಅಂಗಡಿಯವರು ಕೊಡುವ ಸುಮಾರು ಶೇ. 2ರಷ್ಟು ಕಮಿಷನ್‌ನಲ್ಲೇ ಪಾಯಿಂಟ್, ಲೌಂಜ್ ಎಲ್ಲ ಹುಟ್ಟಬೇಕು. ಜೊತೆಗೆ ಬಡ್ಡಿ ಕಟ್ಟುವವರ ದುಡ್ಡು. ಪೆಟ್ರೋಲ್, ಬಾಡಿಗೆ, ಕರೆಂಟ್ ಬಿಲ್‌ನಲ್ಲಿ ಅವರಿಗೆ ಉಳಿಯುವುದು ಕಡಿಮೆ, ಹಾಗಾಗಿ ಮೊದಲ ಕತ್ತರಿ ಅಲ್ಲೇ. 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬೇರೆ, ಬ್ಯಾಂಕ್‌ಗಳ ಕ್ರೆಡಿಟ್ ಕಾರ್ಡ್ ಸಾಲದ ರಿಸ್ಕ್ ವೇಟ್ ಅನ್ನು ಶೇ. 125ರಿಂದ 150ಕ್ಕೆ ಏರಿಸಿತು. ಅಂದರೆ ಅದೇ ಸಾಲಕ್ಕೆ ಜಾಸ್ತಿ ಬಂಡವಾಳ ತೆಗೆದಿಡಬೇಕು. ಇದೆಲ್ಲ ಸರಿಯೇ. ಆದರೆ ಕಾರ್ಡ್ ಮಾರುವಾಗ ಮಾಲ್‌ನಲ್ಲಿ ಟೇಬಲ್ ಹಾಕಿಕೊಂಡು ಕೂಗುವವರು, ಸವಲತ್ತು ಕಿತ್ತುಕೊಳ್ಳುವಾಗ ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹೇಳುತ್ತಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ದೂರು ಕೊಡಬಹುದಾ ಅಂತಲೂ ಕೇಳಿದ್ದೀರಿ. ಕೊಡಬಹುದು, ಆದರೆ ಯಾವುದಕ್ಕೆ ಅನ್ನುವುದು ಮುಖ್ಯ. ಬ್ಯಾಂಕಿಗೆ ಬರೆದು 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕ್‌ನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಆನ್‌ಲೈನ್‌ನಲ್ಲೇ ಪುಕ್ಕಟೆ ದೂರು ಹಾಕಬಹುದು. ಆದರೆ ಓಂಬುಡ್ಸ್‌ಮನ್ ಯೋಜನೆಯಲ್ಲೇ ಬ್ಯಾಂಕ್‌ನ ವ್ಯಾಪಾರದ ತೀರ್ಮಾನಗಳನ್ನು ದೂರಿನಿಂದ ಹೊರಗಿಟ್ಟಿದ್ದಾರೆ. "ಪಾಯಿಂಟ್ ಬೆಲೆ ಯಾಕೆ ಇಳಿಸಿದಿರಿ" ಅಂತ ಹೋದರೆ ಸುಮ್ನೆ ವಾಪಸ್ ಬರುತ್ತೀರಿ. ಬರಬೇಕಿದ್ದ ಪಾಯಿಂಟ್ ಬಂದಿಲ್ಲ, ಹೇಳದೆ ಶುಲ್ಕ ಹಾಕಿದ್ದಾರೆ, ಕ್ಲೋಸ್ ಮಾಡಿ ಅಂದರೂ ಮಾಡುತ್ತಿಲ್ಲ, ಇಂಥದ್ದಕ್ಕೆ ದೂರು ನಿಲ್ಲುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಕಾರ್ಡ್ ನಿಯಮವೂ ಹಾಗೇ. ಶುಲ್ಕ ಬದಲಾಯಿಸುವುದಾದರೆ ಕನಿಷ್ಠ ಒಂದು ತಿಂಗಳು ಮೊದಲು ತಿಳಿಸಬೇಕು, ಅದು ಬೇಡ ಅಂತ ಕಾರ್ಡ್ ಬಿಡುವವರಿಂದ ಕ್ಲೋಸ್ ಮಾಡಲು ದುಡ್ಡು ಕೇಳುವಂತಿಲ್ಲ. ಅದು ಶುಲ್ಕದ ಮಾತು. ಪಾಯಿಂಟ್‌ಗೆ ಇಷ್ಟೇ ಬೆಲೆ ಇರಬೇಕು ಅಂತ ಅಲ್ಲಿ ಹೇಳಿಲ್ಲ.

ಇನ್ನು ಇಟ್ಟುಕೊಳ್ಳುವ ಲೆಕ್ಕ. ನಿಮ್ಮ ಫೀಸ್ 5,000, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 5,900. ನೂರು ರೂಪಾಯಿಗೆ ಎರಡು ಪಾಯಿಂಟ್, ಒಂದಕ್ಕೆ ಒಂದು ರೂಪಾಯಿ ಅಂತ ಇದ್ದಾಗ 2,95,000 ಖರ್ಚು ಮಾಡಿದರೆ ಫೀಸ್ ವಾಪಸ್ ಬರುತ್ತಿತ್ತು. ಈಗ 5,90,000 ಬೇಕು. ಲಾಭ ಶುರುವಾಗುವುದು ಅದರ ಮೇಲೆ. ವರ್ಷಕ್ಕೆ ಎರಡು ಸಲ ವಿಮಾನ ಹತ್ತುವ ನಮ್ಮಂಥವರಿಗೆ ಫೀಸ್ ಇಲ್ಲದ, ಶೇ. 1 ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡೇ ಸಾಕು. ನಾನು ಈಗ ಅದನ್ನೇ ಇಟ್ಟುಕೊಂಡಿದ್ದೇನೆ.

ಕ್ಲೋಸ್ ಮಾಡುವ ಮುಂಚೆ ಫೀಸ್ ವಾಪಸ್ ಕೇಳಿ ಒಂದು ಮೇಲ್ ಹಾಕಿ. ಫೋನ್‌ನಲ್ಲಿ ಕೇಳಿದರೆ ಸಾಕ್ಷಿ ಇರುವುದಿಲ್ಲ. ನನಗೆ ಅರ್ಧ ಫೀಸ್ ವಾಪಸ್ ಸಿಕ್ಕಿತು, ಕೇಳಿದ್ದಕ್ಕೆ ಮಾತ್ರ. ಬಾಕಿ ಪೂರ್ತಿ ಕಟ್ಟಿ ಕ್ಲೋಸ್ ಮಾಡಿ ಅಂತ ಹೇಳಿದ ಮೇಲೆ ಏಳು ಕೆಲಸದ ದಿನದೊಳಗೆ ಮಾಡಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು, ಅದೇ 2022ರ ನಿಯಮ. ಮರೆಯಬೇಡಿ, ಕಾರ್ಡ್ ಹೋದರೆ ಉಳಿದ ಪಾಯಿಂಟ್‌ಗಳೂ ಸಾಮಾನ್ಯವಾಗಿ ಅದರ ಜೊತೆಗೇ ಹೋಗುತ್ತವೆ.

ಪಾಯಿಂಟ್‌ಗಳನ್ನು ಏರ್‌ಲೈನ್ ಮೈಲು ಮಾಡಿ ಇಟ್ಟುಕೊಳ್ಳೋಣ ಅಂತಲೂ ಅನ್ನಿಸಬಹುದು. ಟಿಕೆಟ್ ದಿನಾಂಕ ಗೊತ್ತಿದ್ದರೆ ಮಾತ್ರ ಮಾಡಿ. ಮೈಲುಗಳಿಗೂ ಅವಧಿ ಇರುತ್ತದೆ, ಏರ್‌ಲೈನ್‌ನವರೂ ದರ ಬದಲಾಯಿಸುತ್ತಾರೆ, ಒಮ್ಮೆ ಕಳಿಸಿದ್ದು ಕಾರ್ಡ್‌ಗೆ ವಾಪಸ್ ಬರುವುದಿಲ್ಲ. ಮಕ್ಕಳ ರಜೆ ಯಾವಾಗ ಅಂತ ಇವತ್ತೇ ಕೇಳಿ, ಅಂಡಮಾನ್ ಸೀಟು ಇವತ್ತು ರಾತ್ರಿಯೇ ನೋಡಿ. ನಿಮಗೆ ಬಂದ ಮೇಲ್ ಎಲ್ಲರಿಗೂ ಬಂದಿದೆ. ತಿಂಗಳ ಕೊನೆಯ ವಾರ ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ, ಆಗ ಕಸ್ಟಮರ್ ಕೇರ್ ಲೈನೂ ಸಿಗುವುದಿಲ್ಲ.