ದಕ್ಷಿಣ ಆಫ್ರಿಕಾದ ಜೋಬರ್ಗ್‌ಗೆ (ಜೋಹಾನ್ಸ್‌ಬರ್ಗ್‌ಗೆ) ಹೊಸದಾಗಿ ಬಂದ ನಿಮಗೆ, ಅಪಾರ್ಥೈಡ್ ಎಂಬ ಆ ಒಂದು ಪದದ ಬಗ್ಗೆ

ಕೆಲಸಕ್ಕೆ ಸೇರುವಾಗ ಫಾರಂನಲ್ಲಿ ಜನಾಂಗ ಯಾವುದು ಎಂದು ಕೇಳಿದರು, ಇದೂ ಅಪಾರ್ಥೈಡ್ ಅಲ್ವಾ ಎಂದು ಬರೆದಿದ್ದೀರಿ. ಊಟದ ಹೊತ್ತಿನಲ್ಲಿ ಇಸ್ರೇಲ್ ಬಗ್ಗೆ ಅದೇ ಪದ ಬಂದು ಇಬ್ಬರು ಸಹೋದ್ಯೋಗಿಗಳು ಮಾತು ಬಿಟ್ಟರು, ನಾನೇನು ಹೇಳಲಿ ಎಂದೂ ಕೇಳಿದ್ದೀರಿ. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಂಡದ್ದನ್ನು ಹೇಳುತ್ತೇನೆ.

ಅಪಾರ್ಥೈಡ್ ಎಂಬುದು ಆಫ್ರಿಕಾನ್ಸ್ ಪದ, ಅಂದರೆ ಡಚ್ ಮೂಲದ ಇಲ್ಲಿನ ಭಾಷೆಯದು. ಬೇರೆ ಬೇರೆಯಾಗಿರುವುದು ಎಂದರ್ಥ. ನಮ್ಮ ಪತ್ರಿಕೆಗಳು ವರ್ಣಭೇದ ನೀತಿ ಎನ್ನುತ್ತವೆ. ಅದರಲ್ಲಿ 'ನೀತಿ' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಣ್ಣ ನೋಡಿ ಕೀಳಾಗಿ ಕಾಣುವುದು ಮೊದಲೂ ಇತ್ತು. 1948ರ ಚುನಾವಣೆಯಲ್ಲಿ ಗೆದ್ದ, ಬಿಳಿಯರ ನ್ಯಾಷನಲ್ ಪಾರ್ಟಿ ಅದನ್ನು ಒಂದೊಂದೇ ಕಾನೂನಾಗಿ ಕಟ್ಟಿತು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಜನಾಂಗದವರು ಎಲ್ಲಿ ಬದುಕಬೇಕು ಎಂದು ಗೆರೆ ಎಳೆಯಿತು. ನೀವು ಮಸಾಲೆ ತರುವ ಓರಿಯೆಂಟಲ್ ಪ್ಲಾಜಾ ಮಾರುಕಟ್ಟೆ ಇದೆಯಲ್ಲ, ಅದು ಹುಟ್ಟಿದ್ದೇ ಹಾಗೆ. ಹತ್ತಿರದ ಫೀಟಾಸ್ ಬಡಾವಣೆಯ 14ನೇ ಬೀದಿಯಿಂದ ಭಾರತೀಯ ಅಂಗಡಿಗಳನ್ನು ಎಬ್ಬಿಸಿ, ವ್ಯಾಪಾರಿಗಳನ್ನು ಅಲ್ಲಿಗೆ ಕಳಿಸಿದರು. ಮನೆಗಳನ್ನು ಒಡೆದು, ಜನರನ್ನು ಕಪ್ಪು ಜನರ ಬಡಾವಣೆ ಸೊವೆಟೊ ಆಚೆಯ ಲೆನೇಷಿಯಾಕ್ಕೆ ಸಾಗಿಸಿದರು. ನನ್ನ ಪಕ್ಕದ ಮನೆಯ ಅಜ್ಜಿ ಹಾಗೆ ಬಂದವರು. ಹಳೇ ಮನೆಯ ಬೀಗದ ಕೈ ಈಗಲೂ ಇಟ್ಟುಕೊಂಡಿದ್ದಾರೆ. ಕಪ್ಪು ಜನರ ಪಾಡು ಇದಕ್ಕಿಂತ ಘೋರ. ಎಲ್ಲಿ ಇರಬಹುದು, ಓಡಾಡಬಹುದು ಎಂದು ತೋರಿಸುವ ಪಾಸ್ ಪುಸ್ತಕ ಇಲ್ಲದೆ ಬೀದಿಗಿಳಿದರೆ ಜೈಲು. ಅದನ್ನು ವಿರೋಧಿಸಿದ ಜನರ ಮೇಲೆ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದರು. 69 ಜನ ಸತ್ತರು.

ಹಾಗಾಗಿ ಆ ಫಾರಂ ಅಪಾರ್ಥೈಡ್ ಅಲ್ಲ. ಹಳೇ ಅನ್ಯಾಯ ಎಷ್ಟು ಸರಿಹೋಗಿದೆ ಎಂದು ಎಣಿಸಲು 1998ರ ಉದ್ಯೋಗ ಸಮಾನತೆ ಕಾಯ್ದೆಯಡಿ ಕೇಳುತ್ತಾರೆ.

ಇಸ್ರೇಲ್ ವಿಷಯ ಕಷ್ಟದ್ದು. 1973ರಲ್ಲೇ ವಿಶ್ವಸಂಸ್ಥೆ ಅಪಾರ್ಥೈಡ್ ಅನ್ನು ಅಪರಾಧ ಎಂದಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಕಟ್ಟಿದ 1998ರ ರೋಮ್ ಒಪ್ಪಂದದ ವ್ಯಾಖ್ಯೆಯಲ್ಲಿ ಯಾವ ದೇಶದ ಹೆಸರೂ ಇಲ್ಲ. ಒಂದು ಜನಾಂಗ ಇನ್ನೊಂದನ್ನು ವ್ಯವಸ್ಥಿತವಾಗಿ ತುಳಿದು, ಹಾಗೇ ಉಳಿಸಿಕೊಳ್ಳಲು ನಡೆಸುವ ಆಡಳಿತ ಎಂಬುದು ಅದರ ತಿರುಳು. ಮಾನವ ಹಕ್ಕು ಸಂಸ್ಥೆಗಳಾದ ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ, ಆಮ್ನೆಸ್ಟಿ 2022ರಲ್ಲಿ ಇಸ್ರೇಲ್ ಮಾಡುತ್ತಿರುವುದು ಇದೇ ಎಂದವು. ಇಸ್ರೇಲ್ ಒಪ್ಪುವುದಿಲ್ಲ. ತನ್ನ ಅರಬ್ ಪ್ರಜೆಗಳಿಗೆ ಮತದ ಹಕ್ಕಿದೆ, ಇದು ಭದ್ರತೆಯ ಪ್ರಶ್ನೆ ಎನ್ನುತ್ತದೆ. ಆದರೆ ಇಸ್ರೇಲ್ ಆಕ್ರಮಿಸಿಕೊಂಡಿರುವ ವೆಸ್ಟ್ ಬ್ಯಾಂಕ್‌ನಲ್ಲಿ, ಅಲ್ಲಿ ನೆಲೆಸಿದ ಯಹೂದಿ ವಲಸಿಗರಿಗೆ ಸಿವಿಲ್ ಕಾನೂನು, ಪ್ಯಾಲೆಸ್ತೀನಿಯರಿಗೆ ಸೇನಾ ನ್ಯಾಯಾಲಯ. ಅಲ್ಲಿಗೆ ಆ ಪದ ಹೊಂದುತ್ತದೆ ಎಂದೇ ನನ್ನ ಭಾವನೆ. ಹಾಗಂತ ನಿಮ್ಮ ಯಹೂದಿ ಸಹೋದ್ಯೋಗಿಯ ಮುಖಕ್ಕೆ ಅದನ್ನು ಎಸೆಯಬೇಡಿ. ಜೋ ಸ್ಲೋವೊ, ಡೆನಿಸ್ ಗೋಲ್ಡ್‌ಬರ್ಗ್ ಅವರಂಥ ಯಹೂದಿಗಳೂ ಇಲ್ಲಿ ಅಪಾರ್ಥೈಡ್ ವಿರುದ್ಧ ಹೋರಾಡಿದವರು. ಯಾವ ಊರು, ಯಾವ ಕಾನೂನು ಎಂದು ಹೇಳಿ ಮಾತಾಡಿ.

ನಮ್ಮ ಜಾತಿಯ ಬಗ್ಗೆಯೂ ನಿಮ್ಮನ್ನು ಕೇಳುತ್ತಾರೆ, ತಯಾರಿರಿ. ಜನಾಂಗೀಯತೆಯ ವಿರುದ್ಧ ವಿಶ್ವಸಂಸ್ಥೆ 2001ರಲ್ಲಿ ಇಲ್ಲಿನ ಡರ್ಬನ್‌ನಲ್ಲಿ ನಡೆಸಿದ ಸಮ್ಮೇಳನಕ್ಕೆ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆ ತಂದಿದ್ದವು. ಭಾರತ ಸರ್ಕಾರ ವಿರೋಧಿಸಿತು. ನನ್ನನ್ನು ಕೇಳಿದ್ದು ಪಕ್ಕದ ಮನೆಯ ಆ ಅಜ್ಜಿಯೇ. ನಿಮ್ಮೂರಲ್ಲೂ ಕೇರಿ ಬೇರೆ ಇತ್ತಂತಲ್ಲ ಎಂದರು. ಇತ್ತು ಎಂದೆ. ಇಲ್ಲಿ ಗೆರೆ ಎಳೆದ ಅದೇ 1950ರಲ್ಲಿ ನಮ್ಮ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಆದರೂ ನಾನು ಶಾಲೆಗೆ ಹೋಗುವಾಗ ಯಾವ ಬಾವಿ ಯಾರದು ಎಂದು ನಮಗೆಲ್ಲ ಗೊತ್ತಿತ್ತು. ಅದನ್ನೂ ಅವರಿಗೆ ಹೇಳಿದೆ.